ಗುಂಡು ಎಡಕ್ಕೆ ಕೆಳಕ್ಕೇ ಯಾಕೆ ಹೋಗತ್ತೆ

ಮೊದ್ಲು ಎರಡು ತೂಕ ಹೇಳ್ಬಿಡ್ತೀನಿ. ಗ್ಲಾಕ್ 17 ಪಿಸ್ತೂಲನ್ನ ಖಾಲಿ ಮ್ಯಾಗಜಿನ್ (ಗುಂಡು ತುಂಬೋ ಡಬ್ಬಿ) ಹಾಕಿ ತೂಗಿದ್ರೆ 700 ಗ್ರಾಂ ಚಿಲ್ರೆ ಬರತ್ತೆ, 17 ರೌಂಡ್ ತುಂಬಿದ್ರೆ 900 ಗ್ರಾಂ ಆಸುಪಾಸು. ಅದರ ಟ್ರಿಗರ್ ಎಳೆಯೋಕೆ ಬೇಕಾಗೋ ಬಲ, ಕಂಪನಿಯಿಂದ ಬಂದಂಗೇ ಇದ್ರೆ, ಎರಡೂವರೆ ಕೆಜಿ ಹತ್ತತ್ರ. ಅಂದ್ರೆ ಕೈಯಲ್ಲಿರೋ ವಸ್ತುವಿನ ತೂಕದ ಮೂರು ಪಟ್ಟು ಬಲ ಒಂದೇ ಬೆರಳಿಂದ ಹಾಕ್ಬೇಕು, ಹಾಕ್ತಾ ಹಾಕ್ತಾ ಆ ವಸ್ತು ಕೂದಲೆಳೆಯಷ್ಟೂ ಅಲ್ಲಾಡಬಾರ್ದು. ಗ್ಲಾಕ್ ತರದ ಸ್ಟ್ರೈಕರ್ ಪಿಸ್ತೂಲಲ್ಲಿ ಗುರಿ ತಪ್ಪೋದರ ಬಗ್ಗೆ ಯಾರು ಏನೇ ಕೇಳಿದ್ರೂ ನಾನು ಶುರು ಮಾಡೋದು ಈ ಲೆಕ್ಕದಿಂದಾನೇ.

ನಾನು ತುಮಕೂರಿನೋನು. ಪೊಲೀಸ್ ಇಲಾಖೆ ಸೇರಿ ಸರ್ವಿಸಿನ ಬಹುಪಾಲು ಡಿಎಆರ್‌ನಲ್ಲೇ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಕಳೆದಿದ್ದು. ಫೈರಿಂಗ್ ಪ್ರಾಕ್ಟೀಸ್ ಅಂದ್ರೆ ಲೈನಿನ ಹಿಂದೆ ನಿಂತ್ಕೊಂಡು ಬೇರೆಯವರ ಕೈ ನೋಡೋದು ನನ್ನ ಕೆಲ್ಸ. ಹೊಡೆಯೋನು ಟಾರ್ಗೆಟ್ ನೋಡ್ತಾನೆ, ನಾನು ಅವನ ಬೆರಳು, ಮಣಿಕಟ್ಟು, ಮಜಲ್ ಅಂದ್ರೆ ಪಿಸ್ತೂಲಿನ ಮೂತಿ, ಇವಿಷ್ಟನ್ನೇ ನೋಡ್ತಿದ್ದೆ, ಗುಂಡು ಎಲ್ಲಿಗೆ ಬಿತ್ತು ಅಂತ ಹೇಳೋಕೆ ಟಾರ್ಗೆಟ್ ಕಡೆ ತಿರುಗೋದೇ ಬೇಕಿರ್ಲಿಲ್ಲ. ರಿಟೈರ್ ಆಗಿದ್ರೂ ಹುಡುಗ್ರು ಬಿಟ್ಟಿಲ್ಲ, ಪ್ರಾಕ್ಟೀಸ್ ಮುಗಿದ ದಿನ ಸಾಯಂಕಾಲ ವಾಟ್ಸಾಪಲ್ಲಿ ಟಾರ್ಗೆಟ್ ಫೋಟೋ ಬರತ್ತೆ. ಶಿರಾ ಕಡೆ ಹುಡುಗ ಒಬ್ಬ, ಗನ್‌ಮ್ಯಾನ್ ಡ್ಯೂಟಿಗೆ ಹೊಸದಾಗಿ ಹೋಗಿದಾನೆ, ಬಲಗೈನೋನು. ಅವನು ಕಳಿಸಿದ ಪೇಪರ್‌ನಲ್ಲಿ ತೂತುಗಳೆಲ್ಲಾ ನಡುವಿನ ಚುಕ್ಕೆಯ (ಬುಲ್) ಎಡಕ್ಕೆ, ಕೆಳಕ್ಕೆ, ಉದ್ದುದ್ದ ಹರಡ್ಕೊಂಡಿದ್ವು. ಕೆಳಗೆ ಒಂದು ಮೆಸೇಜು: "ಸರ್, ಸೈಟ್ ಔಟ್ ಆಗಿದೆ ಅನ್ಸತ್ತೆ, ಆರ್ಮರರ್ ಹತ್ರ ಕೊಡ್ಲಾ?"

ಸೈಟ್ ಅಂದ್ರೆ ಪಿಸ್ತೂಲಿನ ಮೇಲೆ ಗುರಿ ನೋಡೋ ಗುರುತು, ಆರ್ಮರರ್ ಅಂದ್ರೆ ಆಯುಧ ರಿಪೇರಿ ಮಾಡೋನು. ಫೋನ್ ಮಾಡಿ ಒಂದೇ ಮಾತು ಕೇಳಿದೆ. "ಅದೇ ಪಿಸ್ತೂಲಲ್ಲಿ ಬೇರೆಯವ್ರು ಹೊಡೆದ್ರೇನಪ್ಪಾ?"

"ಹೂಂ ಸರ್, ನಮ್ಮ ಎಎಸ್‌ಐ ಸಾಹೇಬ್ರು ಹೊಡೆದ್ರು."

"ಅವ್ರಿಗೆ ಎಲ್ಲಿಗೆ ಬಿತ್ತು?"

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಅವ್ರಿಗೆ ಸರ್ಯಾಗೇ ಬಿತ್ತು ಸರ್" ಅಂದ.

ಇಂಥದ್ದು ತುಂಬಾ ಸಲ ನಡೀತದೆ, ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸ್ತು. ಯಾಕಂದ್ರೆ ಈಗ ಹುಡುಗ್ರಿಗೆ ಯೂಟ್ಯೂಬ್ ಇದೆ, ಅದರಲ್ಲಿ ಬ್ಯಾರಲ್ ಬದಲಾಯ್ಸಿ, ಟ್ರಿಗರ್ ಬದಲಾಯ್ಸಿ, ರೆಡ್ ಡಾಟ್ ಹಾಕ್ಸಿ ಅಂತ ಹೇಳೋರೇ ಜಾಸ್ತಿ, ಅದೆಲ್ಲ ಹೊರದೇಶದಲ್ಲಿ ಸ್ವಂತ ಪಿಸ್ತೂಲಿರೋ ಜನಕ್ಕೆ. ನಮ್ಮ ಹುಡುಗನ ಕೈಗೆ ಕೋತ್‌ನಿಂದ (ಆಯುಧ ಇಡೋ ಕೋಣೆ) ಯಾವ್ದು ಕೊಡ್ತಾರೋ ಅದೇ, ಅದರ ಒಂದು ಸ್ಪ್ರಿಂಗನ್ನೂ ಅವನು ಮುಟ್ಟೋ ಹಂಗಿಲ್ಲ. ಅವನ ಕೈಲಿ ಬದಲಾಯ್ಸೋಕೆ ಆಗೋದು ಅವನ ಕೈಯನ್ನ ಮಾತ್ರ. ಮತ್ತೆ ನಾನು ನೋಡಿದ ಮಟ್ಟಿಗೆ ಗುರಿ ತಪ್ಪೋದರಲ್ಲಿ ದೊಡ್ಡ ಪಾಲು ಅಲ್ಲೇ ಇರೋದು.

ಸ್ಟ್ರೈಕರ್ ಅಂದ್ರೇನು ಅಂತ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ. ಹಳೇ .38 ರಿವಾಲ್ವರಲ್ಲಿ, ನಮ್ಮ ಇಶಾಪುರ ಫ್ಯಾಕ್ಟರಿಯ 9 ಎಂಎಂ ಪಿಸ್ತೂಲಲ್ಲಿ ಹಿಂದ್ಗಡೆ ಒಂದು ಹ್ಯಾಮರ್ ಕಣ್ಣಿಗೆ ಕಾಣತ್ತೆ, ಅದರ ಹೊಡೆತದಿಂದ ಪಿನ್ನು ರೌಂಡಿನ ಕ್ಯಾಪಿಗೆ ಹೊಡೀತದೆ. ಸ್ಟ್ರೈಕರ್ ಪಿಸ್ತೂಲಲ್ಲಿ ಹ್ಯಾಮರ್ರೇ ಇರಲ್ಲ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯೋ ಭಾಗ) ಒಳಗೆ ಒಂದು ಕಡ್ಡಿ, ಅದರ ಸುತ್ತ ಸ್ಪ್ರಿಂಗು, ಆ ಕಡ್ಡಿನೇ ನೇರವಾಗಿ ಮುಂದಕ್ಕೆ ನುಗ್ಗಿ ಹೊಡೀತದೆ. ಇದೇನು ಹೊಸದಲ್ಲ. 1914ರಲ್ಲಿ ಸರಯೇವೋದಲ್ಲಿ ಆಸ್ಟ್ರಿಯಾದ ಯುವರಾಜನನ್ನ ಕೊಂದಿದ್ದು ಬ್ರೌನಿಂಗ್ ಡಿಸೈನಿನ 1910ರ ಮಾಡೆಲ್ಲು, ಅದು ಸ್ಟ್ರೈಕರ್ರೇ. ಆದ್ರೆ ಇದು ಪೊಲೀಸ್, ಮಿಲಿಟರಿಯಲ್ಲಿ ಮನೆಮಾತಾಗಿದ್ದು ಅದೇ ಆಸ್ಟ್ರಿಯಾದ ಸೈನ್ಯ 1982ರಲ್ಲಿ ಗ್ಲಾಕ್ ಆರಿಸ್ಕೊಂಡ್ಮೇಲೆ. 2017ರಲ್ಲಿ ಅಮೆರಿಕಾದ ಸೈನ್ಯನೂ ಹ್ಯಾಮರ್ ಇರೋ ಬೆರೆಟ್ಟಾ ಬಿಟ್ಟು ಸಿಗ್ ಪಿ320 ಅನ್ನೋ ಸ್ಟ್ರೈಕರ್ ಪಿಸ್ತೂಲಿಗೆ ಬಂತು.

ಗ್ಲಾಕಲ್ಲಿ ವಿಶೇಷ ಏನಪ್ಪಾ ಅಂದ್ರೆ, ಸ್ಲೈಡ್ ಎಳೆದು ಬಿಟ್ಟಾಗ ಸ್ಟ್ರೈಕರ್ ಸ್ಪ್ರಿಂಗ್ ಪೂರ್ತಿ ಬಿಗಿಯಾಗಲ್ಲ, ಒಂದು ಮಟ್ಟಕ್ಕೆ ಬಿಗಿಯಾಗಿ ನಿಂತಿರತ್ತೆ. ಉಳಿದದ್ದನ್ನ ಬಿಗಿ ಮಾಡೋದು ನಿಮ್ಮ ಬೆರಳು. ಟ್ರಿಗರ್ ಎಳೀತಿದ್ದಂಗೆ ಒಳಗೆ ಟ್ರಿಗರ್ ಬಾರ್ ಸ್ಟ್ರೈಕರನ್ನ ಇನ್ನೂ ಹಿಂದಕ್ಕೆ ತಳ್ಕೊಂಡು ಹೋಗತ್ತೆ, ಹೋಗ್ತಾ ಹೋಗ್ತಾ ಸೇಫ್ಟಿ ಪಿನ್ನನ್ನೂ ಮೇಲಕ್ಕೆ ಎತ್ತತ್ತೆ, ಕೊನೇಗೆ ಕನೆಕ್ಟರ್ ಅನ್ನೋ ಒಂದು ಸಣ್ಣ ತಗಡು ಆ ಬಾರನ್ನ ಕೆಳಕ್ಕೆ ಒತ್ತತ್ತೆ, ಸ್ಟ್ರೈಕರ್ ಜಾರ್ಕೊಂಡು ಮುಂದಕ್ಕೆ ಹೋಗತ್ತೆ. ಒಂದೇ ಎಳೆತದಲ್ಲಿ ಇಷ್ಟು ಕೆಲಸ. ಸಿಗ್ ಪಿ320 ತರದವುಗಳಲ್ಲಿ ಸ್ಪ್ರಿಂಗ್ ಮೊದ್ಲೇ ಪೂರ್ತಿ ಬಿಗಿಯಾಗಿರತ್ತೆ, ಅದಕ್ಕೇ ಅದರ ಟ್ರಿಗರ್ ಬೇರೆ ತರ ಅನ್ಸತ್ತೆ. ಹ್ಯಾಮರ್ ಎತ್ತಿಟ್ಟಿರೋ ಹಳೇ 9 ಎಂಎಂನಲ್ಲಿ ಟ್ರಿಗರ್‌ಗೆ ಹ್ಯಾಮರ್ ಬಿಡಿಸೋ ಕೆಲಸ ಒಂದೇ, ಪಿಸ್ತೂಲೂ ಕಬ್ಬಿಣದ್ದು, ಭಾರ, ಕೈಯಲ್ಲಿ ಕದಲದೆ ಕೂತ್ಕೊಳತ್ತೆ. ಅದರಲ್ಲಿ ಚೆನ್ನಾಗಿ ಹೊಡೀತಿದ್ದ ಹಳಬರು ಗ್ಲಾಕ್ ಕೈಗೆ ಬಂದಾಗ ಎಡಕ್ಕೆ ಕೆಳಕ್ಕೆ ಹಾಕೋಕೆ ಶುರು ಮಾಡಿದ್ದನ್ನ ನಾನೇ ನೋಡಿದೀನಿ, ಅವ್ರು ಮನಸಲ್ಲಿ ಬೈಕೊಂಡಿದ್ದು ಪ್ಲಾಸ್ಟಿಕ್ಕಿಗೆ.

ಟ್ರಿಗರ್‌ನ ದಾರಿನ ಬೆರಳಿಗೆ ಗುರುತು ಮಾಡಿಸ್ಬೇಕು. ಮೊದ್ಲು ಸ್ವಲ್ಪ ದೂರ ಸಡಿಲವಾಗಿ ಬರತ್ತೆ. ಆಮೇಲೆ ಒಂದು ಕಡೆ ಗೋಡೆಗೆ ತಗುಲ್ದಂಗೆ ನಿಲ್ಲತ್ತೆ. ಅಲ್ಲಿಂದ ಇನ್ನೊಂದಿಷ್ಟು ಒತ್ತಿದ್ರೆ ಮೆತ್ತಗೆ ಒಂಚೂರು ಸರಿದು, ಪಟ್ ಅಂತ ಬಿಡತ್ತೆ. ಬಿಟ್ಮೇಲೂ ಟ್ರಿಗರ್ ಹಿಂದಕ್ಕೆ ಹೋಗೋಕೆ ಒಂಚೂರು ಜಾಗ ಇರತ್ತೆ, ಎಲ್ಲಾ ಹಾಳಾಗೋದು ಇಲ್ಲೇ. ಮಳೆಗಾಲದಲ್ಲಿ ಊದ್ಕೊಂಡಿರೋ ಬಾಗಿಲ ಚಿಲಕ ಇರತ್ತಲ್ಲ, ಎಳೆದಷ್ಟು ಹೊತ್ತೂ ಬರಲ್ಲ, ಬಂದಾಗ ಕೈ ಸಮೇತ ಹಿಂದಕ್ಕೆ ಬಂದ್ಬಿಡತ್ತೆ, ಹಂಗೆ. ಗೋಡೆಗೆ ಎರಡೂವರೆ ಕೆಜಿ ಒತ್ತಿರ್ತೀರಿ, ಗೋಡೆ ಇದ್ದಕ್ಕಿದ್ದಂಗೆ ಮಾಯ ಆಗತ್ತೆ, ಆ ಬಲ ಪಿಸ್ತೂಲಿಗೆ ತಗುಲಿ ಮಜಲ್ ಸರಿಯತ್ತೆ. ಗುಂಡು ಬ್ಯಾರಲ್ ಬಿಡೋಕೆ ಸ್ಟ್ರೈಕರ್ ಬಿಟ್ಟ ಮೇಲೆ ಇನ್ನೂ ಒಂದು ಕ್ಷಣ ಬೇಕಲ್ಲ, ಅಷ್ಟರಲ್ಲಿ ಆಗೋದು ಆಗಿರತ್ತೆ.

ಈಗ ಎಡಕ್ಕೆ ಯಾಕೆ ಅಂತ. ಇದನ್ನ ಓದ್ತಾ ಇರೋ ಹಂಗೇ ನಿಮ್ಮ ಬಲಗೈ ಮುಂದಕ್ಕೆ ಚಾಚಿ, ಏನನ್ನೋ ಹಿಡಿದಿರೋ ಹಂಗೆ ಅರ್ಧ ಮುಷ್ಟಿ ಮಾಡಿ, ತೋರುಬೆರಳನ್ನ ಮಾತ್ರ ಜೋರಾಗಿ ಮಡಚಿ ನೋಡಿ. ಕಿರುಬೆರಳು, ಉಂಗುರದ ಬೆರಳು ನೋಡ್ತಾ ಇರಿ. ನೀವು ಹೇಳ್ದೇನೇ ಅವೂ ಬಿಗಿಯಾಗ್ತವೆ. ಬೆರಳು ಮಡಚೋ ಸ್ನಾಯುಗಳು ಮೊಣಕೈ ಕೆಳಗೆ ಒಂದಕ್ಕೊಂದು ಅಂಟ್ಕೊಂಡೇ ಇರೋದು, ಒಂದನ್ನ ಎಳೆದ್ರೆ ಅಕ್ಕಪಕ್ಕದವೂ ಎಳ್ಕೊಳ್ತವೆ. ಪಿಸ್ತೂಲ್ ಹಿಡಿದಾಗ ಆ ಕೆಳಗಿನ ಬೆರಳುಗಳು ಹಿಡಿಯನ್ನ ಹಿಂಡಿದ್ರೆ ಮಜಲ್ ಕೆಳಕ್ಕೆ ತಗ್ಗತ್ತೆ, ಬಲಗೈ ಬೆರಳ ತುದಿಗಳು ಹಿಡಿಯನ್ನ ಅಂಗೈ ಕಡೆ ತಿರುವೋದರಿಂದ ಮಜಲ್ ಎಡಕ್ಕೂ ಓಡತ್ತೆ. ಎಡಗೈನೋರಿಗೆ ಇದೇ ಬಲಕ್ಕೆ ಕೆಳಕ್ಕೆ ಆಗತ್ತೆ, ನೋಡಿದೀನಿ. ಶಿರಾ ಹುಡುಗನ ಪೇಪರ್ ಹೇಳ್ತಿದ್ದಿದ್ದು ಇಷ್ಟೇ.

ಇದಕ್ಕೆ ಮದ್ದು ಬೆರಳಿಗೆ ಬುದ್ಧಿ ಹೇಳೋದರಲ್ಲಿಲ್ಲ, "ಮೆತ್ತಗೆ ಎಳಿ, ಮೆತ್ತಗೆ ಎಳಿ" ಅಂತ ಲೈನಲ್ಲಿ ಕೂಗೋದು ನಾನು ಮೊದಲಿಂದಾನೂ ಒಪ್ಪಿಲ್ಲ, ಮೆತ್ತಗೆ ಎಳೆಯೋಕೆ ಹೋದೋನು ಗೋಡೆ ಹತ್ರ ಬಂದು ನಿಂತು, ಸೈಟ್ ಸರಿ ಆಗ್ಲಿ ಅಂತ ಕಾದು, ಕೈ ನಡುಗೋಕೆ ಶುರುವಾದ್ಮೇಲೆ ಗಬಕ್ಕನೆ ಎಳೀತಾನೆ. ಬೆರಳಿನ ಬಲಕ್ಕಿಂತ ಹಿಡಿತದ ಬಲ ಜಾಸ್ತಿ ಇರಬೇಕು, ಅದೂ ಎಳೆಯೋಕೆ ಮುಂಚೆನೇ ಪೂರ್ತಿ ಇರಬೇಕು. ಬಲಗೈ ಹಿಡಿಯ ಮೇಲ್ತುದಿಗೆ ಏರಿ ಕೂರಬೇಕು, ಸ್ಲೈಡಿಗೂ ಹೆಬ್ಬೆರಳ ಸಂದಿಗೂ ಮಧ್ಯೆ ಜಾಗ ಕಾಣಬಾರ್ದು. ಎಡಗೈ ಅಂಗೈ ಹಿಡಿಯ ಎಡಗಡೆ ಖಾಲಿ ಉಳಿದಿರೋ ಜಾಗನ ತುಂಬಬೇಕು, ಹಿಂಡೋ ಕೆಲಸದ ಹೆಚ್ಚು ಪಾಲು ಎಡಗೈದೇ. ಯಾಕಂದ್ರೆ ಎಡಗೈಗೆ ಟ್ರಿಗರ್ ಕೆಲಸ ಇಲ್ಲ, ಅದು ಎಷ್ಟು ಬೇಕಾದ್ರೂ ಬಿಗಿಯಾಗಿರ್ಬೋದು, ಬಲಗೈ ಆ ಮಟ್ಟಕ್ಕೆ ಬಿಗಿ ಮಾಡಿದ್ರೆ ತೋರುಬೆರಳೂ ಮರಗಟ್ಟತ್ತೆ. ಎರಡೂ ಕೈ ಹಿಂಗೆ ಕೂತ ಮೇಲೆ ಬೆರಳು ಎಳೆದಾಗ ಕಿರುಬೆರಳು ಇನ್ನೂ ಬಿಗಿಯಾಗೋಕೆ ಜಾಗ ಉಳಿದಿರಲ್ಲ, ಮೊದ್ಲೇ ಬಿಗಿಯಾಗಿದ್ಯಲ್ಲ.

ನಮ್ಮ ಪಕ್ಕದ ಮನೆ ಹುಡುಗಿ ಪಿಯುಸಿ ಓದ್ತಾ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡ್ತಾಳೆ, ಅವಳಿಗೂ ಒಂದೊಂದ್ಸಲ ಹೇಳ್ಕೊಡ್ತೀನಿ. ಅವಳಿಗೆ ನಾನು ಹೇಳೋದು ಬಹುಪಾಲು ಇದಕ್ಕೆ ಉಲ್ಟಾ. ಏರ್ ಪಿಸ್ತೂಲ್ ಹತ್ತಿರ ಹತ್ತಿರ ಒಂದು ಕೆಜಿ ಇರತ್ತೆ, ರೂಲ್ಸ್ ಪ್ರಕಾರ ಟ್ರಿಗರ್ 500 ಗ್ರಾಂಗಿಂತ ಕಮ್ಮಿ ಇರಂಗಿಲ್ಲ, ಅಂದ್ರೆ ಟ್ರಿಗರ್ ಬಲ ಪಿಸ್ತೂಲಿನ ತೂಕದ ಅರ್ಧ. ಒಂದೇ ಕೈ, ಮರದ ಹಿಡಿ ಅವಳ ಅಂಗೈ ಅಳತೆಗೆ ಕೆತ್ತಿದ್ದು, ಹಿಂಡೋ ಅಗತ್ಯ ಇಲ್ಲ. ಎದುರಿಗಿರೋ ಹತ್ತರ ಚುಕ್ಕೆಯ ಅಗಲ ಹನ್ನೊಂದೂವರೆ ಮಿಲಿಮೀಟರ್, ಒಂದು ಶರ್ಟ್ ಗುಂಡಿಯಷ್ಟು. ಪ್ಯಾರಿಸ್‌ನಲ್ಲಿ 2024ರಲ್ಲಿ ಮನು ಭಾಕರ್ ಎರಡು ಕಂಚು ತಂದ ಮೇಲೆ ನಮ್ಮ ಬೀದಿಯಲ್ಲಿ ಈ ಹುಡುಗಿನ ನೋಡೋ ರೀತಿನೇ ಬದಲಾಯ್ತು, ಅದು ನನಗೆ ತುಂಬಾ ಸಂತೋಷದ ವಿಷಯ. "ಅಂಕಲ್, ಹಂಗಾದ್ರೆ ನನ್ನ ಅಭ್ಯಾಸ ಗ್ಲಾಕಿಗೆ ಉಪಯೋಗಕ್ಕೆ ಬರಲ್ವಾ?" ಅಂತ ಕೇಳಿದ್ಲು ಒಂದಿನ. ಬರತ್ತೆ, ಬೆರಳನ್ನ ಒಂದೇ ಸಮ ನೇರ ಹಿಂದಕ್ಕೆ ತರೋದು, ಗುಂಡು ಹೋದ್ಮೇಲೂ ಸೈಟ್ ನೋಡ್ತಾನೇ ಇರೋದು, ಇವೆರಡೂ ಬರತ್ತೆ ಕಣಮ್ಮ, ಹಿಡಿತ ಮಾತ್ರ ಹೊಸದಾಗಿ ಕಲೀಬೇಕು ಅಂದೆ.

ಇಂಟರ್ನೆಟ್ಟಲ್ಲಿ ಒಂದು ಚಕ್ರದ ಚಿತ್ರ ಓಡಾಡ್ತಾ ಇರತ್ತೆ, ಗುಂಡು ಇಲ್ಲಿ ಬಿದ್ರೆ ಈ ತಪ್ಪು, ಅಲ್ಲಿ ಬಿದ್ರೆ ಆ ತಪ್ಪು ಅಂತ. ಅದು ಒಂದು ಕೈಲಿ ಹೊಡೆಯೋ ಬುಲ್ಸ್‌ಐ ಶೂಟಿಂಗ್ ಕಾಲದ್ದು. ಎರಡು ಕೈಲಿ ಹಿಡಿಯೋ ಸರ್ವಿಸ್ ಪಿಸ್ತೂಲಿಗೆ ಅದನ್ನ ಹಂಗಂಗೇ ಅಂಟಿಸ್ಬೇಡಿ. ಟ್ರಿಗರ್ ಮೇಲೆ ಬೆರಳಿನ ಯಾವ ಭಾಗ ಇಡಬೇಕು ಅನ್ನೋದಕ್ಕೂ ಅದೇ ಮಾತು. ಬೆರಳ ಉದ್ದ ಎಲ್ಲರದ್ದೂ ಒಂದೇ ಇರಲ್ಲ, ನೇರ ಹಿಂದಕ್ಕೆ ಎಳೆಯೋಕೆ ಎಲ್ಲಿ ಇಟ್ರೆ ಬರತ್ತೋ ಅಲ್ಲಿಡಿ.

ಇನ್ನು ಕೆಳಕ್ಕೆ ಹೋಗೋದರಲ್ಲಿ ಇನ್ನೊಂದು ಕಾರಣ ಸೇರ್ಕೊಂಡಿರತ್ತೆ, ಬೆಚ್ಚೋದು. ಇದನ್ನ ಯಾರೂ ಒಪ್ಪಲ್ಲ, ಪೊಲೀಸ್‌ನೋರಂತೂ ಒಪ್ಪೋದೇ ಇಲ್ಲ. ಗ್ಲಾಕ್ 17ರ ಬ್ಯಾರಲ್ 114 ಮಿಲಿಮೀಟರ್, ಗುಂಡು ಸೆಕೆಂಡಿಗೆ 350 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಗೆ ಬರತ್ತೆ, ಬ್ಯಾರಲ್ ಒಳಗೆ ಅದಿರೋದು ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಮ್ಮಿ ಹೊತ್ತು. ಅಷ್ಟರಲ್ಲಿ ಪಿಸ್ತೂಲ್ ಒಂದು ಚೂರು ಮೇಲೇಳತ್ತೆ ನಿಜ, ಆದ್ರೆ ಅದು ಪ್ರತಿ ಸಲ ಒಂದೇ ಸಮ ಏಳತ್ತೆ, ಸೈಟ್ ಮಾಡೋವಾಗ್ಲೇ ಅದನ್ನ ಲೆಕ್ಕಕ್ಕೆ ತಗೊಂಡಿರ್ತಾರೆ. ನೀವು ಕಣ್ಣಲ್ಲಿ ಕಾಣೋ ದೊಡ್ಡ ಜಿಗಿತ ಆಗೋ ಹೊತ್ತಿಗೆ ಗುಂಡು ಹೋಗಿ ಆಗಿದೆ. ಹಂಗಾಗಿ ಗುರಿ ಕೆಡಿಸೋದು ರಿಕಾಯ್ಲ್ (ಗುಂಡು ಹಾರಿದಾಗ ಪಿಸ್ತೂಲ್ ಹಿಂದಕ್ಕೆ ಒದೆಯೋದು) ಬರತ್ತೆ ಅಂತ ಮೊದ್ಲೇ ಮಣಿಕಟ್ಟಿಂದ ಕೆಳಕ್ಕೆ ಅದುಮೋದು. ಅದು ಸದ್ದಿನಲ್ಲಿ, ಜಿಗಿತದಲ್ಲಿ ಮುಚ್ಚಿಹೋಗತ್ತೆ, ಹೊಡೆದೋನಿಗೆ ಗೊತ್ತೇ ಆಗಲ್ಲ.

ಗೊತ್ತು ಮಾಡೋಕೆ ಡಿಪಿ ರೌಂಡ್ ಇದೆ, ಅಂದ್ರೆ ಮದ್ದಿಲ್ಲದ ಡಮ್ಮಿ ರೌಂಡು. ಅವನಿಗೆ ಕಾಣದ ಹಂಗೆ ಮ್ಯಾಗಜಿನಲ್ಲಿ ನಿಜವಾದ ರೌಂಡುಗಳ ಮಧ್ಯೆ ಒಂದೆರಡು ಡಿಪಿ ಸೇರ್ಸಿ ಕೊಡಬೇಕು. ಢಂ, ಢಂ ಅಂತ ಬರ್ತಾ ಇರತ್ತೆ, ಮಧ್ಯದಲ್ಲಿ ಒಂದು ಬರೀ ಟಿಕ್ ಅನ್ನತ್ತೆ. ಆ ಟಿಕ್ ಅಂದಾಗ ಮಜಲ್ ನೋಡ್ಬೇಕು ನೀವು. ಸದ್ದಿಲ್ಲ, ಬೆಂಕಿಯಿಲ್ಲ, ಆದ್ರೂ ಪಿಸ್ತೂಲಿನ ಮೂತಿ ಎರಡು ಬೆರಳು ಕೆಳಕ್ಕೆ ಕುಕ್ಕತ್ತೆ. ಲೈನಲ್ಲಿ ನಿಂತಿರೋರೆಲ್ಲಾ ನೋಡ್ತಾರೆ, ಹೊಡೆದೋನೂ ನೋಡ್ತಾನೆ, ಅವತ್ತಿಂದ ಸೈಟ್ ಔಟ್ ಅನ್ನೋ ಮಾತು ನಿಂತು ಹೋಗತ್ತೆ. ನನ್ನ ಇಡೀ ಸರ್ವಿಸಲ್ಲಿ ಇದಕ್ಕಿಂತ ಚೆನ್ನಾಗಿ ಕಲಿಸೋ ಉಪಾಯ ನಾನು ನೋಡಿಲ್ಲ. ಒಂದು ಮುಖ್ಯ ವಿಷಯ: ಟಿಕ್ ಅಂದ ತಕ್ಷಣ ಸ್ಲೈಡ್ ಎಳೀಬಾರ್ದು, ಅದು ನಿಜವಾದ ರೌಂಡು ಲೇಟಾಗಿ ಹತ್ತೋದೂ ಆಗಿರ್ಬೋದು, ಪಿಸ್ತೂಲನ್ನ ಬಟ್ (ಟಾರ್ಗೆಟ್ ಹಿಂದಿನ ಮಣ್ಣಿನ ದಿಬ್ಬ) ಕಡೆಗೇ ಇಟ್ಕೊಂಡು ಅರ್ಧ ನಿಮಿಷ ಕಾಯ್ಬೇಕು.

ಬೆಚ್ಚೋದಕ್ಕೆ ಕಾರಣ ಜಿಗಿತಕ್ಕಿಂತ ಸದ್ದೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಪಿಸ್ತೂಲಿನ ಸದ್ದು 150 ಡೆಸಿಬಲ್ ದಾಟತ್ತೆ. ನಮ್ಮ ಕಾಲದಲ್ಲಿ ಕಿವಿಗೆ ಹತ್ತಿ ತುರುಕ್ಕೊಂಡು ನಿಲ್ತಿದ್ವಿ, ಹತ್ತಿಯಿಂದ ಏನೂ ಪ್ರಯೋಜನ ಇಲ್ಲ, ನನ್ನ ವಯಸ್ಸಿನ ಎಷ್ಟೋ ಜನ ಈಗ ಟಿವಿ ಸೌಂಡ್ ಜಾಸ್ತಿ ಇಟ್ಕೊಂಡು ಕೂರ್ತಾರೆ. ಕಿವಿ ಒಳಗೆ ಫೋಮ್ ಪ್ಲಗ್, ಮೇಲೆ ಮಫ್, ಎರಡೂ ಹಾಕಿ ಹೊಡೆಸಿ ನೋಡಿ, ಅದೇ ಮನುಷ್ಯನ ಗ್ರೂಪು (ತೂತುಗಳೆಲ್ಲ ಸೇರಿ ಹರಡಿರೋ ಅಗಲ) ಅದೇ ಸಾಯಂಕಾಲ ಚಿಕ್ಕದಾಗತ್ತೆ. ಟ್ರೇನಿಂಗ್ ಕೊಡೋರು ಯಾರಾದ್ರೂ ಇದನ್ನ ಓದ್ತಾ ಇದ್ರೆ ದಯವಿಟ್ಟು ಮಫ್ ವಿಷಯದಲ್ಲಿ ಜಿಪುಣತನ ಮಾಡ್ಬೇಡಿ, ಹೋದ ಕಿವಿ ವಾಪಸ್ ಬರಲ್ಲ.

ಸೈಟ್ ಬಗ್ಗೆ. ಗ್ಲಾಕ್ 17ರಲ್ಲಿ ಫೋರ್‌ಸೈಟಿಗೂ (ಮುಂದಿನ ಸೈಟ್) ಬ್ಯಾಕ್‌ಸೈಟಿಗೂ (ಹಿಂದಿನ ಸೈಟ್) ಮಧ್ಯೆ ಇರೋ ದೂರ 165 ಮಿಲಿಮೀಟರ್. ಫೋರ್‌ಸೈಟ್ ಟಿಪ್ ಬ್ಯಾಕ್‌ಸೈಟ್ ಕಚ್ಚಿನ ಮಧ್ಯದಿಂದ ಒಂದೇ ಒಂದು ಮಿಲಿಮೀಟರ್ ಸರಿದ್ರೆ 10 ಮೀಟರಲ್ಲಿ ಗುಂಡು 6 ಸೆಂಟಿಮೀಟರ್ ಆಚೆ, 25 ಮೀಟರಲ್ಲಿ 15 ಸೆಂಟಿಮೀಟರ್ ಆಚೆ. ಇದಕ್ಕೆ ಎದುರಾಗಿ ಇನ್ನೊಂದು ನೋಡಿ: ಸೈಟ್ ಎರಡೂ ಸರಿಯಾಗಿ ಹೊಂದಿಕೊಂಡಿದ್ದು, ಕೈ ನಡುಗಿ ಇಡೀ ಪಿಸ್ತೂಲ್ ಒಂದು ಸೆಂಟಿಮೀಟರ್ ಹಂಗೇ ಪಕ್ಕಕ್ಕೆ ಹೋದ್ರೆ ಗುಂಡು ತಪ್ಪೋದೂ ಒಂದೇ ಸೆಂಟಿಮೀಟರ್, ಎಷ್ಟು ದೂರ ಇದ್ರೂ. ಕೈ ನಡುಗತ್ತೆ ಸರ್ ಅಂತ ಹೆದರೋರಿಗೆ ಈ ಲೆಕ್ಕ ಹೇಳಿದ್ರೆ ಅರ್ಧ ಭಯ ಹೋಗತ್ತೆ. ಕೈ ಎಲ್ಲರದ್ದೂ ನಡುಗತ್ತೆ, ನಡುಗ್ಲಿ, ಟಿಪ್ಪಿನ ಎರಡು ಪಕ್ಕ ಬೆಳಕು ಸಮ ಇದ್ಯಾ, ಎರಡೂ ಸೈಟಿನ ತಲೆ ಸಮ ಇದ್ಯಾ ಅಷ್ಟು ನೋಡ್ಕೊಂಡು ಎಳೀರಿ.

ಆ ಟಿಪ್ ಸ್ಪಷ್ಟವಾಗಿ ಕಾಣಬೇಕು, ಟಾರ್ಗೆಟ್ ಮಬ್ಬಾಗಿರ್ಲಿ ಪರವಾಗಿಲ್ಲ. ನಲವತ್ತು ದಾಟಿದೋರಿಗೆ ಕಷ್ಟ ಬರೋದು ಇಲ್ಲೇ, ಚಾಳೀಸು ಬಂದಿರತ್ತೆ. ಓದೋ ಕನ್ನಡಕ ಹಾಕಿದ್ರೆ ಪೇಪರ್ ಹಿಡಿಯೋ ದೂರ ಕಾಣತ್ತೆ, ಟಿಪ್ ಇರೋದು ಅದಕ್ಕಿಂತ ಆಚೆ, ಚಾಚಿದ ತೋಳಿನ ತುದೀಲಿ. ಬೈಫೋಕಲ್ ಹಾಕಿರೋರು ಕೆಳಗಿನ ಗಾಜಿಂದ ನೋಡೋಕೆ ಅಂತ ಗದ್ದ ಮೇಲೆತ್ತಿ ಕತ್ತು ಹಿಂದಕ್ಕೆ ಹಾಕ್ತಾರೆ, ಇಡೀ ನಿಲುವೇ ಕೆಡತ್ತೆ. ಕಣ್ಣಿನ ಡಾಕ್ಟ್ರ ಹತ್ರ ಹೋದಾಗ ತೋಳು ಚಾಚಿ ಹೆಬ್ಬೆರಳು ತೋರ್ಸಿ, ನನಗೆ ಇಷ್ಟು ದೂರ ಸ್ಪಷ್ಟ ಕಾಣೋ ಕನ್ನಡಕ ಬೇಕು ಅಂತ ಕೇಳಿ, ಬರ್ಕೊಡ್ತಾರೆ. ಎಷ್ಟೋ ಹಿರಿಯ ಹೆಡ್‌ಕಾನ್ಸ್‌ಟೇಬಲ್‌ಗಳು ತಮ್ಮ ಕೈ ಹೋಯ್ತು ಅಂದ್ಕೊಂಡಿರ್ತಾರೆ, ಹೋಗಿರೋದು ಕಣ್ಣು ಅಷ್ಟೇ, ಅದಕ್ಕೆ ಗಾಜಿದೆ.

ಬಿಸಿಲನ್ನೂ ಮರೀಬಾರ್ದು. ನಮ್ಮ ಜಿಲ್ಲೆಯಲ್ಲಿ ಪಾವಗಡ, ಶಿರಾ ಕಡೆ ಏಪ್ರಿಲ್ ಬಿಸಿಲು ಅಂದ್ರೆ ಹೇಳೋ ಹಾಗಿಲ್ಲ, ಆ ಹೊತ್ತಲ್ಲಿ ಹೊಡೆಸಿದ್ರೆ ಅಂಗೈ ಬೆವರಿ ಪ್ಲಾಸ್ಟಿಕ್ ಹಿಡಿ ಜಾರತ್ತೆ, ಒಂದೊಂದು ಗುಂಡಿಗೂ ಹಿಡಿತ ಒಂಚೂರು ಬದಲಾಗತ್ತೆ, ಗ್ರೂಪು ಹರಡತ್ತೆ. ಬೆಳಿಗ್ಗೆ ಬೇಗ ಮುಗಿಸೋದು ಒಳ್ಳೇದು. ಪ್ರತಿ ಮ್ಯಾಗಜಿನ್ ಮಧ್ಯೆ ಕರ್ಚೀಫಲ್ಲಿ ಕೈ ಒರೆಸ್ಕೊಳ್ಳಿ.

ಬ್ಯಾರಲ್, ಮದ್ದುಗುಂಡು ಇವುಗಳ ಪಾಲು ಇಲ್ವೇ ಇಲ್ಲ ಅಂತ ನಾನು ಹೇಳ್ತಿಲ್ಲ. ಪ್ರತಿ ಗುಂಡಿಗೂ ಬ್ಯಾರಲ್ ಸ್ವಲ್ಪ ತಗ್ಗಿ, ಹಿಂದಕ್ಕೆ ಸರಿದು, ಮತ್ತೆ ಬಂದು ಅದೇ ಜಾಗಕ್ಕೆ ಕೂರಬೇಕು, ಅದು ಎಷ್ಟು ಕರಾರುವಾಕ್ಕಾಗಿ ಕೂರತ್ತೆ ಅನ್ನೋದರ ಮೇಲೆ ಪಿಸ್ತೂಲಿನ ಯೋಗ್ಯತೆ. 9 ಎಂಎಂ ಗುಂಡುಗಳೂ ಏಳೂವರೆ ಗ್ರಾಂದು, ಎಂಟು ಗ್ರಾಂದು, ಒಂಬತ್ತೂವರೆ ಗ್ರಾಂದು ಅಂತ ಬೇರೆ ಬೇರೆ ತೂಕದಲ್ಲಿ ಬರ್ತವೆ. ಭಾರದ ಗುಂಡು ನಿಧಾನ, ಬ್ಯಾರಲಲ್ಲಿ ಒಂಚೂರು ಹೆಚ್ಚು ಹೊತ್ತು ಇರತ್ತೆ, ಹಂಗಾಗಿ ಹತ್ತಿರದ ದೂರದಲ್ಲಿ ಸಾಮಾನ್ಯವಾಗಿ ಸ್ವಲ್ಪ ಮೇಲಕ್ಕೆ ಬೀಳತ್ತೆ. ಬೇರೆ ಬೇರೆ ಲಾಟಿನ ರೌಂಡ್ ಕಲಸಿ ಗ್ರೂಪ್ ನೋಡ್ಬೇಡಿ, ಅಷ್ಟು ನೆನಪಿಟ್ರೆ ಸಾಕು. ಮರಳಿನ ಚೀಲದ ಮೇಲೆ ಒರಗಿಸಿ ನಿಧಾನಕ್ಕೆ ಹೊಡೆದ್ರೆ ಸುಸ್ಥಿತಿಯಲ್ಲಿರೋ ಸರ್ವಿಸ್ ಪಿಸ್ತೂಲ್ 25 ಮೀಟರಲ್ಲಿ ಅಂಗೈ ಅಗಲದ ಗ್ರೂಪ್ ಕೊಡತ್ತೆ. ಶಿರಾ ಹುಡುಗ 10 ಮೀಟರಲ್ಲಿ ಊಟದ ತಟ್ಟೆ ಅಗಲಕ್ಕೆ ಹಾಕಿದ್ದ. ಆ ಎರಡರ ನಡುವಿನ ವ್ಯತ್ಯಾಸ ಪೂರ್ತಿ ಅವನದ್ದೇ, ಹಂಗಂತ ಅವನಿಗೆ ಹೇಳಿದ್ದು ಬೈಯ್ಯೋಕೆ ಅಲ್ಲ, ಅದು ಅವನ ಕೈಲಿ ಸರಿ ಮಾಡೋಕೆ ಆಗೋ ವಿಷಯ ಅಂತ ಧೈರ್ಯ ಹೇಳೋಕೆ.

ವರ್ಷಕ್ಕೆ ಸಿಗೋ ರೌಂಡ್ಸ್ ಕಮ್ಮಿ, ಅದರಲ್ಲಿ ಕೈ ಪಳಗಲ್ಲ. ಪಳಗೋದು ಡ್ರೈ ಪ್ರಾಕ್ಟೀಸಲ್ಲಿ, ಅಂದ್ರೆ ಗುಂಡಿಲ್ಲದ ಖಾಲಿ ಪಿಸ್ತೂಲಲ್ಲಿ ಮಾಡೋ ಅಭ್ಯಾಸದಲ್ಲಿ. ಮ್ಯಾಗಜಿನ್ ತೆಗೀರಿ, ಸ್ಲೈಡ್ ಎಳೆದು ಚೇಂಬರ್ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ, ಪಕ್ಕದಲ್ಲಿರೋನಿಗೂ ತೋರ್ಸಿ. ಆ ರೂಮಲ್ಲಿ ಒಂದೂ ರೌಂಡ್ ಇರಬಾರ್ದು. ಎದುರಿಗೆ ಗುಂಡು ತಡೆಯೋ ಅಂಥ ಗೋಡೆ ಇರಬೇಕು, ಆ ಕಡೆ ಜನ ಇರಬಾರ್ದು. ಖಾಲಿ ಅಂತ ನಂಬಿದ ಆಯುಧದಿಂದ ಆದ ಅನಾಹುತಗಳನ್ನ ಇಲಾಖೆಯಲ್ಲಿದ್ದೋರೆಲ್ಲ ಕೇಳಿರ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ. ಆಮೇಲೆ ಫೋರ್‌ಸೈಟ್ ಮೇಲೆ ಒಂದು ಖಾಲಿ ಕೇಸ್ (ಹೊಡೆದ ರೌಂಡಿನ ಕೊಳವೆ) ನಿಲ್ಲಿಸಿ, ಸ್ಲೈಡ್ ಮುಂದೆ ಚಪ್ಪಟೆ ಜಾಗ ಸಿಕ್ರೆ ಅಲ್ಲೇ ನಿಲ್ಲಿಸಿ, ಅದು ಬೀಳದ ಹಂಗೆ ಟ್ರಿಗರ್ ಎಳೀರಿ. ಮೊದಮೊದಲು ಬೀಳತ್ತೆ. ಗ್ಲಾಕಲ್ಲಿ ಒಂದು ಸಲ ಬಿಟ್ಟ ಮೇಲೆ ಸ್ಲೈಡನ್ನ ಸ್ವಲ್ಪ ಹಿಂದಕ್ಕೆ ತಳ್ಳಿ ಮತ್ತೆ ಬಿಗಿ ಮಾಡ್ಬೇಕು, ಅದು ರೇಜಿಗೆ ಅಂತ ಹುಡುಗ್ರು ಅಂತಾರೆ, ನನಗೆ ಅದು ಒಳ್ಳೇದೇ ಅನ್ಸತ್ತೆ, ಪ್ರತಿ ಸಲ ಹಿಡಿತ ಹೊಸದಾಗಿ ಕೂರಿಸ್ಕೊಳ್ಳೋ ಅಭ್ಯಾಸ ಆಗತ್ತೆ. ಗುಂಡು ಹಾರಿದ ಮೇಲೆ ಟ್ರಿಗರ್ ಎಷ್ಟು ಮುಂದಕ್ಕೆ ಬಿಡ್ಬೇಕು, ಕ್ಲಿಕ್ ಅನ್ನೋವರ್ಗೂ ಮಾತ್ರನಾ ಪೂರ್ತಿನಾ ಅಂತ ತುಂಬಾ ಚರ್ಚೆ ಮಾಡ್ತಾರೆ. ಹೊಸಬರು ಅದರ ಗೊಡವೆಗೆ ಹೋಗ್ಬೇಡಿ.

ಪೊಲೀಸ್ ಅಲ್ದೇ ಇರೋರು ಕೆಲವರು ಫೋನ್ ಮಾಡಿ ಸರ್ ನಾವೂ ಗ್ಲಾಕ್ ತಗೋಬೋದಾ ಅಂತಾರೆ. ಗ್ಲಾಕ್ 17 ಹೊಡೆಯೋ 9 ಎಂಎಂ ರೌಂಡು ನಮ್ಮ ದೇಶದಲ್ಲಿ ಪ್ರೊಹಿಬಿಟೆಡ್ ಬೋರ್, ಮಾಮೂಲಿ ಲೈಸೆನ್ಸಿಗೆ ಸಿಗಲ್ಲ. ಗುರಿ ಕಲಿಯೋ ಆಸೆ ನಿಜವಾಗ್ಲೂ ಇದ್ರೆ .177 ಏರ್ ಪಿಸ್ತೂಲಿದೆ, 20 ಜೂಲ್ ಒಳಗಿನದಕ್ಕೆ ಲೈಸೆನ್ಸ್ ಬೇಕಾಗಿಲ್ಲ, ಮನೆ ಮಾಳಿಗೆಯಲ್ಲಿ 10 ಮೀಟರ್ ಜಾಗ, ಹಿಂದೆ ಭದ್ರವಾದ ತಡೆ, ಆ ಕಡೆಗೆ ಯಾರೂ ಓಡಾಡದಂಗೆ ನೋಡ್ಕೊಂಡ್ರೆ ಕಲೀಬೋದು.

ಸೈಟ್ ಯಾವಾಗ ಮುಟ್ಟಬೇಕು ಅಂದ್ರೆ ಎಲ್ಲಕ್ಕಿಂತ ಕೊನೇಗೆ. ಪೇಪರಲ್ಲಿ ತೂತು ಹರಡ್ಕೊಂಡಿದ್ರೆ ಅದು ಕೈ, ಸೈಟ್ ಸರಿಸಿದ್ರೆ ಹರಡಿರೋದೇ ಇನ್ನೊಂದು ಕಡೆ ಹರಡತ್ತೆ ಅಷ್ಟೆ. ತೂತುಗಳೆಲ್ಲಾ ಒಂದ್ರ ಪಕ್ಕ ಒಂದು ಕೂಡ್ಕೊಂಡು, ಪ್ರತಿ ಸಲವೂ ಅದೇ ಜಾಗಕ್ಕೆ ಕೂಡ್ಕೊಂಡು, ಬೇರೆ ಇಬ್ಬರು ಒಳ್ಳೇ ಕೈನೋರು ಹೊಡೆದ್ರೂ ಅಲ್ಲಿಗೇ ಬಿದ್ರೆ ಆಗ ಸೈಟು. ಶಿರಾ ಹುಡುಗ ಡ್ರೈ ಪ್ರಾಕ್ಟೀಸ್ ಶುರು ಮಾಡಿದ ಮೇಲೆ ಮುಂದಿನ ಪ್ರಾಕ್ಟೀಸಿನ ಪೇಪರ್ ಕಳಿಸಿದಾನೆ, ಗ್ರೂಪು ಅಂಗೈ ಒಳಗೆ ಬಂದಿದೆ, ಇನ್ನೂ ಒಂಚೂರು ಎಡಕ್ಕಿದೆ. "ಈಗ ಆರ್ಮರರ್ ಹತ್ರ ಕೊಡ್ಲಾ ಸರ್?" ಅಂದ. ಇನ್ನೂ ಬೇಡ, ನಿಮ್ಮ ಎಎಸ್‌ಐ ಸಾಹೇಬ್ರಿಗೆ ಸರ್ಯಾಗೇ ಬೀಳ್ತಿದ್ಯಲ್ಲ, ಎಡಗೈ ಇನ್ನೊಂಚೂರು ಬಿಗಿ ಮಾಡು ಅಂದೆ. ನಿಜವಾಗ್ಲೂ ಸರಿಸೋ ಕಾಲ ಬಂದ್ರೆ ಗುಂಡು ಯಾವ ಕಡೆ ಹೋಗ್ಬೇಕೋ ಬ್ಯಾಕ್‌ಸೈಟ್ ಆ ಕಡೆಗೆ ಸರಿಸ್ಬೇಕು, ಅರ್ಧ ಮಿಲಿಮೀಟರ್ ಸರಿಸಿದ್ರೆ 10 ಮೀಟರಲ್ಲಿ 3 ಸೆಂಟಿಮೀಟರ್, ಅದನ್ನೂ ಆರ್ಮರರ್ ತನ್ನ ಟೂಲಲ್ಲಿ ಮಾಡ್ಲಿ, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಕುಟ್ಟಬೇಡಿ, ಗ್ಲಾಕಿನ ಸೈಟು ಪ್ಲಾಸ್ಟಿಕ್ಕು, ಮುರಿಯತ್ತೆ.